ಟಿಕಾನಾ ಗೆದ್ದ ಕಡಸು

ಬೆಳಗಿನ ಹಾಲು ಕರೆದಾದ ಮೇಲೆ ನೆಮಾಯಾನ್ ಒಂದು ಸೋರೆಬುರುಡೆಯ ತುಂಬ ಹೆಪ್ಪುಗಟ್ಟಿದ ಹಾಲು ಹಾಕಿ, ಚರ್ಮದ ಮುಚ್ಚಳ ಬಿಗಿದು, ಹೆಗಲಿಗೆ ತೂಗುಹಾಕಿಕೊಂಡು ಬೆಟ್ಟ ಇಳಿಯುವ ದಾರಿ ಹಿಡಿದಳು. ಗೆಳತಿ ಸಿಮಾಲೊಯಿಯ ಹಟ್ಟಿಗೆ ಮೂರು ಗಂಟೆಯ ನಡಿಗೆ. ಕೆಳಗಿನ ಬಯಲಿನಲ್ಲಿ ಅವಳ ಕರುಗಳು ಒಂದರ ಹಿಂದೆ ಒಂದು ಸಾಯುತ್ತಿವೆ ಎಂಬ ಸುದ್ದಿ ಬಂದು ಆರು ದಿನವಾಗಿತ್ತು. ಆ ಆರು ದಿನವೂ ನೆಮಾಯಾನ್‌ಗೆ ಏನಾದರೊಂದು ಕೆಲಸವಿತ್ತು. ಒಂದು ದಿನ ಸೋರುವ ಮಾಡಿಗೆ ಸಗಣಿ ಮೆತ್ತಬೇಕಿತ್ತು. ಒಂದು ದಿನ ಸೌದೆ ಮುಗಿದಿತ್ತು. ಎರಡು ದಿನ ಮಗಳು ರೆಸಿಯಾಟೊಗೆ ಕೆಮ್ಮು. ಏಳನೆಯ ದಿನ ಬೆಳಿಗ್ಗೆ ನೋಡಿದರೆ ಹೇಳಿಕೊಳ್ಳಲು ಯಾವ ಕೆಲಸವೂ ಉಳಿದಿರಲಿಲ್ಲ.

ಹಳ್ಳದ ಬಳಿ ಕತ್ತೆಗಳ ಮೇಲೆ ನೀರಿನ ಡಬ್ಬ ಕಟ್ಟುತ್ತಿದ್ದ ಹೆಂಗಸರು ಅವಳನ್ನು ನಿಲ್ಲಿಸಿದರು.

"ಎಲ್ಲಿಗೆ ನೆಮಾಯಾನ್, ಪಾಶೆ ಮನೆಗಾ?"

"ಹೂಂ, ಅಲ್ಲಿಗೇ."

"ಹೋಗು ಹೋಗು. ಅಷ್ಟು ಕರು ಸತ್ರೂ ನೀನು ಕೊಟ್ಟ ಕಡಸು ಮಾತ್ರ ಕಲ್ಲಿನ ಹಾಗೆ ನಿಂತಿದೆಯಂತೆ. ಕೈಗುಣ ಅಂದ್ರೆ ಅದು. ನನಗೂ ಒಂದು ಕೊಡಬಾರದಾ?"

"ಇವಳಿಗೆ ಕೊಡಬೇಡ ಕಣೇ, ಇವಳು ಈಸ್ಕೊಂಡ ಕತ್ತೇನೇ ಇನ್ನೂ ವಾಪಸ್ ಕೊಟ್ಟಿಲ್ಲ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ನೆಮಾಯಾನ್ ಕೂಡ ನಕ್ಕಳು. ಆ ನಗು ಹಳ್ಳ ದಾಟುವವರೆಗೂ ಅವಳ ಮುಖದ ಮೇಲೆ ಒಣಗಿದ ಮಣ್ಣಿನ ಹಾಗೆ ಅಂಟಿಕೊಂಡೇ ಇತ್ತು.

ಮಾಸಾಯಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಮನಸಾರೆ ಪ್ರಾಣಿಯೊಂದನ್ನು ಕೊಟ್ಟರೆ, ಅಂದಿನಿಂದ ಅವರಿಬ್ಬರ ನಡುವೆ ಹೆಸರು ಇರುವುದಿಲ್ಲ. ಕೈ ಬದಲಾದದ್ದು ಕುರಿಯಾದರೆ ಕುರಿಯ ಹೆಸರಿನಿಂದ, ಕರುವಾದರೆ ಕರುವಿನ ಹೆಸರಿನಿಂದ ಕರೆದುಕೊಳ್ಳುತ್ತಾರೆ. ಕರುವಿನಿಂದ ಬಂದ ಹೆಸರು ಪಾಶೆ: ಕೊಟ್ಟವಳೂ ಪಾಶೆ, ಪಡೆದವಳೂ ಪಾಶೆ. ದೂರದಿಂದ ಕೂಗುವಾಗಲೂ ಪಾಶೆ, ಜಗಳದಲ್ಲೂ ಪಾಶೆ. ಕಳೆದ ಒಣಗಾಲದಿಂದ ನೆಮಾಯಾನ್ ಮತ್ತು ಸಿಮಾಲೊಯಿ ಪಾಶೆಗಳಾಗಿದ್ದರು.

ಆದರೆ ಆ ಕರುವಿನ ಮಾತು ಹುಟ್ಟಿದ್ದು ಅದಕ್ಕೂ ಐದು ವರ್ಷ ಹಿಂದೆ. ರೆಸಿಯಾಟೊ ಹುಟ್ಟಿದ ನಾಲ್ಕನೆಯ ದಿನ ನೆಮಾಯಾನ್‌ಗೆ ಜ್ವರ ಏರಿ, ಎದೆ ಕಲ್ಲಾಗಿ, ಹಾಲು ನಿಂತುಹೋಯಿತು. ಆಗ ಸಿಮಾಲೊಯಿ ತನ್ನ ಕೈಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿ ಬಂದು, ಎರಡು ತಿಂಗಳು ಅಲ್ಲೇ ಉಳಿದು, ಒಂದು ಮೊಲೆ ತನ್ನ ಮಗುವಿಗೆ, ಒಂದು ಮೊಲೆ ರೆಸಿಯಾಟೊಗೆ ಎಂದು ಕುಡಿಸಿದಳು. ಹೊರಡುವ ದಿನ ನೆಮಾಯಾನ್ ಅವಳ ಎರಡೂ ಕೈ ಹಿಡಿದು ಹೇಳಿದ್ದಳು: "ನನ್ನ ಬಿಳಿಮುಖದ ಹಸು ಹಾಕೋ ಮೊದಲ ಹೆಣ್ಣುಗರು ನಿನ್ನದು."

ಬಿಳಿಮುಖದ ಹಸು ಎರಡು ಸಲ ಗಂಡು ಹಾಕಿತು. ಮೂರನೆಯದು ಹೆಣ್ಣು. ತಾಯಿಯದೇ ಮುಖ, ತಾಯಿಯದೇ ತುಂಬಿದ ನಡಿಗೆ. ಹುಟ್ಟಿದ ವಾರಕ್ಕೇ ನೆಮಾಯಾನ್ ಕೂತಲ್ಲಿಗೆ ಬಂದು ಅವಳ ಮಡಿಲಿಗೆ ಮೂತಿ ಇಡುತ್ತಿತ್ತು. ಮನೆಯೊಳಗಿನ ಕರುಮೂಲೆಯಲ್ಲಿ ಅದು ಮಲಗುವ ಜಾಗದಿಂದ ನೆಮಾಯಾನ್‌ಳ ಹಾಸಿಗೆಗೆ ಒಂದು ಗೇಣು. ಕೊಡುವ ದಿನ ಹತ್ತಿರವಾದಷ್ಟೂ ಅವಳ ಮನಸ್ಸು ಹಿಂದೆ ಸರಿಯಿತು.

ಅದೇ ಹೊತ್ತಿಗೆ ಅವಳ ಕೆಂಪು ಕಡಸಿಗೆ ಉಣುಗು ಹಚ್ಚುವ ಕಾಯಿಲೆ, ಟಿಕಾನಾ, ಬಂದಿತ್ತು. ಕಿವಿಯ ಬುಡದಲ್ಲಿ ಗಂಟು, ಮೈ ಸುಡುವ ಜ್ವರ, ಮೂಗಿನಲ್ಲಿ ನೊರೆ. ದನದ ಡಾಕ್ಟರಮ್ಮ ಎಲಿಶಿಲಿಯಾ ಮೋಟರ್ ಬೈಕಿನಲ್ಲಿ ಬಂದು ಸೂಜಿ ಚುಚ್ಚಿದಳು. ಹನ್ನೆರಡು ದಿನ ಮಲಗಿದ್ದ ಕಡಸು ಹದಿಮೂರನೆಯ ದಿನ ಎದ್ದು ಹುಲ್ಲಿಗೆ ಬಾಯಿ ಹಾಕಿತು. ಟಿಕಾನಾ ಗೆದ್ದ ಪ್ರಾಣಿಯೆಂದರೆ ಊರಲ್ಲೆಲ್ಲ ಮರ್ಯಾದೆ. ಅದು ಮತ್ತೆ ಆ ಕಾಯಿಲೆಗೆ ಬೀಳುವುದಿಲ್ಲ. ಅಂಥದ್ದನ್ನು ಕೊಟ್ಟರೆ ಕೊಟ್ಟವರ ಕೈ ದೊಡ್ಡದು ಎನ್ನುತ್ತಾರೆ.

ನೆಮಾಯಾನ್ ಡಾಕ್ಟರಮ್ಮನನ್ನು ಕೇಳಿಯೂ ಇದ್ದಳು. ಅದೇ ಅವಳನ್ನು ಈಗ ಸುಡುತ್ತಿದ್ದದ್ದು. ಕೇಳದೇ ಇದ್ದಿದ್ದರೆ ಗೊತ್ತಿರಲಿಲ್ಲ ಎಂದಾದರೂ ಅಂದುಕೊಳ್ಳಬಹುದಿತ್ತು.

"ಇದನ್ನ ಬಯಲಿನ ಹಟ್ಟಿಗೆ ಕೊಟ್ರೆ ಹೇಗೆ ಡಾಕ್ಟರಮ್ಮ?" ಎಂದು, ಸುಮ್ಮನೆ ಮಾತಿಗೆ ಎಂಬಂತೆ, ಕೈ ತೊಳೆಯಲು ನೀರು ಹಾಕುತ್ತ ಕೇಳಿದ್ದಳು.

"ಕೊಡಬೇಡಿ," ಎಂದಿದ್ದಳು ಎಲಿಶಿಲಿಯಾ. "ಕಾಯಿಲೆ ಒಂದೇ, ಆದ್ರೆ ಅದರೊಳಗೆ ತಳಿ ಬೇರೆ ಬೇರೆ. ನಿಮ್ಮ ಕಾಡಂಚಿನ ಉಣುಗಿನಲ್ಲಿ ಇರೋದೇ ಒಂದು ತಳಿ, ಬಯಲಿನ ಉಣುಗಿನಲ್ಲಿ ಇರೋದೇ ಇನ್ನೊಂದು. ಇದು ಗೆದ್ದಿದೆ ನಿಜ. ಆದ್ರೆ ಕಾಯಿಲೆ ಹೋಗಿಲ್ಲ, ಇದರ ರಕ್ತದಲ್ಲಿ ಸುಮ್ಮನೆ ಕೂತಿದೆ. ಇದರ ಕಿವಿಯಲ್ಲಿ ರಕ್ತ ಕುಡಿದ ಮರಿ ಉಣುಗು ಉದುರಿ ಹುಲ್ಲಿಗೆ ಬೀಳುತ್ತೆ, ಪೊರೆ ಬಿಡುತ್ತೆ, ದೊಡ್ಡದಾಗಿ ಇನ್ನೊಂದು ಕರುವಿನ ಮೈ ಹತ್ತುತ್ತೆ. ಹತ್ತುವಾಗ ಬರಿಗೈಲಿ ಹತ್ತಲ್ಲ. ಬಯಲಿನ ಕರುಗಳು ತಮ್ಮ ತಳೀನ ತಡ್ಕೊಂಡಿರ್ತಾವೆ, ಇದನ್ನ ಅವು ನೋಡೇ ಇಲ್ಲ. ಇದು ನಿಮ್ಮಲ್ಲೇ ಇರಲಿ."

ಮರುತಿಂಗಳು ನೆಮಾಯಾನ್ ಕೆಂಪು ಕಡಸಿನ ಕೊರಳಿಗೆ ಮಣಿಸರ ಕಟ್ಟಿ, ಬಯಲಿಗೆ ಹೊಡೆದುಕೊಂಡು ಹೋಗಿ, ಸಿಮಾಲೊಯಿಯ ಕೈಗೆ ಹಗ್ಗ ಕೊಟ್ಟಳು. "ಬಿಳಿಮುಖದ್ದು ಈ ಸಲವೂ ಗಂಡೇ ಹಾಕಿತು. ಎಷ್ಟು ದಿನ ಕಾಯಿಸಲಿ ನಿನ್ನ? ಇದು ಟಿಕಾನಾ ಗೆದ್ದದ್ದು," ಎಂದಳು. ಸಿಮಾಲೊಯಿ ಕಣ್ಣು ತುಂಬಿಕೊಂಡಿದ್ದಳು.

ಆಗ ಒಣಗಾಲ. ಬಯಲಿನಲ್ಲಿ ಹುಲ್ಲೂ ಇರಲಿಲ್ಲ, ಉಣುಗೂ ಇರಲಿಲ್ಲ. ಮಳೆ ಬಂತು, ಹುಲ್ಲು ಮೊಣಕಾಲೆತ್ತರ ಎದ್ದಿತು. ಅದರ ಹಿಂದೆಯೇ ಸುದ್ದಿಯೂ ಬಂತು.

*

ಸಿಮಾಲೊಯಿಯ ಹಟ್ಟಿಯ ಮುಳ್ಳುಬೇಲಿ ದಾಟಿದ ಕೂಡಲೇ ಕಣ್ಣಿಗೆ ಬಿದ್ದದ್ದು ಚರ್ಮಗಳು. ನೆಲಕ್ಕೆ ಗೂಟ ಹೊಡೆದು ಎಳೆದು ಒಣಹಾಕಿದ ಏಳು ಪುಟ್ಟ ಚರ್ಮಗಳು. ಕಪ್ಪು ಎರಡು, ಕಂದು ಮೂರು, ಬೂದಿ ಬಣ್ಣದ್ದೊಂದು, ಬೆನ್ನ ಮೇಲೆ ಚುಕ್ಕೆಯಿದ್ದದ್ದೊಂದು. ನೆಮಾಯಾನ್ ಅವುಗಳನ್ನು ಬಳಸಿಕೊಂಡು ನಡೆದಳು.

ಬಾಗಿಲ ಬಳಿ ಸಿಮಾಲೊಯಿಯ ಅತ್ತೆ ಕೂತು ನಶ್ಯ ಏರಿಸುತ್ತಿದ್ದಳು. ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಚಿಕ್ಕವರೂ ದೊಡ್ಡವರೂ ಅವಳನ್ನು ಕೊಕೊ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ನೆಮಾಯಾನ್ ಬಾಗಿ ತಲೆಯೊಡ್ಡಿದಳು. ಮುದುಕಿ ನೆತ್ತಿ ಮುಟ್ಟಿ ಹರಸಿದಳು.

"ನೀನೇ ಅಂತ ಹೆಜ್ಜೆಯಲ್ಲೇ ಗೊತ್ತಾಯ್ತು ಬಿಡು," ಎಂದಳು ಕೊಕೊ. "ಕಾಳು ಕದ್ದ ಮೇಕೆ ಹಾಗೆ ಬರ್ತಾ ಇದ್ದೀಯಲ್ಲ. ಆರು ದಿನ ಬೇಕಾಯ್ತಾ ಬೆಟ್ಟ ಇಳಿಯೋಕೆ?"

"ಮಗಳಿಗೆ ಕೆಮ್ಮಿತ್ತು ಕೊಕೊ."

"ಕೆಮ್ಮಿದ್ದು ಮಗಳು ತಾನೆ, ನಿನ್ನ ಕಾಲಲ್ಲವಲ್ಲ."

ಸಿಮಾಲೊಯಿ ಒಳಗಿನಿಂದ ಬಂದಳು. ತಿಂಗಳಲ್ಲಿ ಅವಳ ಕೆನ್ನೆ ಇಳಿದುಹೋಗಿತ್ತು. "ಬಂದ್ಯಾ ಪಾಶೆ," ಎಂದು ಸೋರೆಬುರುಡೆ ಇಸಿದುಕೊಂಡು, ನೆಮಾಯಾನ್‌ಳ ಕೈ ಹಿಡಿದೇ ಬೇಲಿಯ ನೆರಳಿಗೆ ಕರೆದುಕೊಂಡು ಹೋದಳು. ಅಲ್ಲಿ ಎಂಟನೆಯದು ಮಲಗಿತ್ತು. ಕಿವಿಯ ಕೆಳಗೆ ಮುಷ್ಟಿಯಷ್ಟು ಗಂಟು. ಕಣ್ಣಿನ ಮೇಲೆ ಹಾಲಿನ ಪೊರೆ. ಉಸಿರು ಎಳೆದಾಗಲೆಲ್ಲ ಮೂಗಿನಿಂದ ಬಿಳಿ ನೊರೆ ಬರುತ್ತಿತ್ತು. ಸಿಮಾಲೊಯಿ ಅದನ್ನು ತಾನು ಹೊದ್ದ ಶುಕಾದ ಅಂಚಿನಿಂದ, ಮಗುವಿನ ಸಿಂಬಳ ಒರೆಸುವ ಹಾಗೆ, ಒರೆಸಿದಳು.

"ನಮ್ಮ ಕರುಗಳು ಟಿಕಾನಾ ಕಾಣದೇ ಇರೋವಲ್ಲ ಪಾಶೆ. ಚಿಕ್ಕವಿದ್ದಾಗ ನಾಲ್ಕು ದಿನ ಮಂಕಾಗಿ ಬಿದ್ದು, ಎದ್ದು ಓಡ್ತಿದ್ವು. ನನ್ನ ಮದುವೆಯಾದಾಗಿಂದ ನೋಡ್ತಾ ಇದ್ದೀನಿ. ಈ ಸಲ ಬಂದಿರೋದು ಏನು ಅಂತಾನೇ ತಿಳೀತಿಲ್ಲ. ನನ್ನ ಗಂಡ ನೀರಿನ ದೋಷ ಅಂತಾನೆ. ಮೈದುನ ಏನಂದ ಗೊತ್ತಾ?" ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ಕರು ನೋಡ್ಕೊಳ್ಳೋಳು ಇವಳು, ಇವಳ ಕಣ್ಣೇ ಬಿದ್ದಿದೆ ಅಂದ. ಹಟ್ಟಿಯ ಮಧ್ಯೆ ನಿಂತು ಅಂದ. ಅವತ್ತಿಂದ ಅವನ ಹೆಂಡ್ತಿ ನಾನು ಹೋದ್ರೆ ತನ್ನ ಕರುಗಳ ಮೇಲೆ ಬಟ್ಟೆ ಹೊದಿಸ್ತಾಳೆ."

ನೆಮಾಯಾನ್‌ಗೆ ಹೇಳಬೇಕು ಅನ್ನಿಸಿತು. ಆದರೆ ಬಾಯಿಗೆ ಬಂದದ್ದು, "ಅವನ ಮಾತು ಬಿಡು."

"ಬಿಟ್ಟೆ. ನೀನು ಬಂದ್ಯಲ್ಲ, ಸಾಕು. ನೋಡು ಅಲ್ಲಿ."

ಸಿಮಾಲೊಯಿ ತೋರಿಸಿದ ಕಡೆ ಕೆಂಪು ಕಡಸು ನಿಂತಿತ್ತು. ಮೈ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕೊರಳಲ್ಲಿ ಅದೇ ಮಣಿಸರ, ಒಂದೂ ಮಣಿ ಕಳೆಯದಂತೆ ಕಾಪಾಡಿಕೊಂಡದ್ದು. ಹಳೆಯ ಒಡತಿಯ ವಾಸನೆ ಹಿಡಿದು ಅದು ಮೆಲ್ಲಗೆ ನಡೆದು ಬಂದು ನೆಮಾಯಾನ್‌ಳ ತೋಳಿಗೆ ಮೂತಿ ಉಜ್ಜಿತು. ಅವಳು ಅದರ ಕಿವಿಯ ಒಳಗೆ ನೋಡಿದಳು. ಕಂದು ಉಣುಗುಗಳು ಕಾಳಿನ ಹಾಗೆ ಸಾಲಾಗಿ ಕಚ್ಚಿ ಕೂತಿದ್ದವು.

"ಇದೊಂದನ್ನ ನೋಡ್ಕೊಂಡೇ ಧೈರ್ಯ ತಂದ್ಕೊಂಡಿದ್ದೀನಿ," ಎಂದಳು ಸಿಮಾಲೊಯಿ. "ಒಳಗೆ ಇನ್ನೂ ನಾಲ್ಕು ಎಳೆಗರು ಇವೆ. ಹೊರಗೆ ಬಿಟ್ಟೇ ಇಲ್ಲ. ಅವು ಉಳಿದ್ರೆ ನನ್ನ ಮನೆ ಉಳೀತು. ಅದಕ್ಕೇ ಇವತ್ತಿಂದ ಈ ಕಡಸನ್ನ ಒಳಗೆ, ಅವುಗಳ ಜೊತೆ ಕಟ್ತೀನಿ. ಗೆದ್ದದ್ದರ ಉಸಿರು ಅವುಕ್ಕೂ ತಾಗಲಿ."

*

ಚಹಾ ಕುದಿಯಿತು. ಮನೆಯಲ್ಲಿದ್ದ ಅಷ್ಟೂ ಹಾಲನ್ನು ಸಿಮಾಲೊಯಿ ಅದಕ್ಕೇ ಸುರಿದಿದ್ದಳು. ಅದು ಬಣ್ಣದಲ್ಲೇ ಕಾಣುತ್ತಿತ್ತು. ಕತ್ತಲು ಕತ್ತಲಾದ ಮನೆಯೊಳಗೆ ಒಲೆಯ ಆಚೆ ಕರುಮೂಲೆಯಲ್ಲಿ ನಾಲ್ಕು ಕರುಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದವು. ಅವುಗಳ ಸಣ್ಣ ಉಸಿರು, ಒಣ ಹುಲ್ಲು ಸರಿಯುವ ಸದ್ದು.

ನೆಮಾಯಾನ್ ಚಹಾ ಹಿಡಿದು ಕೂತಳು. ಅವಳಿಗೆ ಎಷ್ಟೋ ದಾರಿಗಳು ತೋರಿದವು, ಎಲ್ಲವೂ ಅರ್ಧ ದಾರಿಗಳೇ. ಕಡಸನ್ನು ಒಳಗೆ ಕಟ್ಟದಂತೆ ಮಾಡಿದರೆ ಸಾಕಲ್ಲ. ಕಾರಣ ಯಾವುದಾದರೇನು?

"ಅದು ದೊಡ್ಡದಾಯ್ತು ಪಾಶೆ. ಈ ಮೂಲೇಲಿ ಕಟ್ಟಿದ್ರೆ ಎಳೆಗರು ತುಳಿದುಬಿಡುತ್ತೆ."

"ಅದಾ?" ಸಿಮಾಲೊಯಿ ನಕ್ಕಳು. "ಕೋಳಿಮರಿ ಕಂಡ್ರೂ ಕಾಲು ಎತ್ತಿ ಪಕ್ಕಕ್ಕಿಡುತ್ತೆ. ಯಾರ ಮನೇಲಿ ಬೆಳೆದದ್ದು ಹೇಳು."

"ನನಗೊಂದು ಕನಸು ಬಿದ್ದಿತ್ತು," ಎಂದು ಶುರುಮಾಡಿದಳು ನೆಮಾಯಾನ್. ಅಲ್ಲಿಗೇ ನಿಲ್ಲಿಸಿದಳು. ಇಲ್ಲದ ಕನಸನ್ನು ಕಟ್ಟುತ್ತಿದ್ದೇನೆ ಎಂಬುದು ಅವಳಿಗೇ ಹೇಸಿಗೆಯಾಯಿತು.

"ಏನು ಕನಸು?"

"ಏನಿಲ್ಲ. ಮರೆತೆ."

ಕೊಕೊ ಬಾಗಿಲಿನಿಂದಲೇ ಹೇಳಿದಳು: "ಬಂದಾಗಿಂದ ಇವಳು ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡಿದ್ದಾಳೆ. ನುಂಗೋದೂ ಇಲ್ಲ, ಉಗಿಯೋದೂ ಇಲ್ಲ."

ಬಿಸಿಲು ಇಳಿಯುತ್ತಿತ್ತು. ಸಿಮಾಲೊಯಿ ಎದ್ದು ಹೊರಗೆ ಹೋದಳು. ಹಗ್ಗ ಎಳೆಯುವ ಸದ್ದು, ಬಾ ಬಾ ಎಂಬ ಮುದ್ದಿನ ಮಾತು, ಗೊರಸಿನ ಸಪ್ಪಳ ಹತ್ತಿರವಾಯಿತು. ಮಾಸಾಯಿ ಮನೆಯ ಬಾಗಿಲು ನೇರವಾಗಿರುವುದಿಲ್ಲ. ಗೋಡೆಯ ಜೊತೆ ತಿರುಗಿ ಒಳಬರಬೇಕು, ಒಂದು ಪ್ರಾಣಿಗೆ ಮಾತ್ರ ಜಾಗ. ಆ ತಿರುವಿನಲ್ಲಿ ಕೆಂಪು ಮೂತಿ ಕಂಡದ್ದೇ ನೆಮಾಯಾನ್ ಎದ್ದುಹೋಗಿ ಎರಡೂ ಕೈ ಗೋಡೆಗೆ ಚಾಚಿ ಅಡ್ಡ ನಿಂತಳು.

"ಒಳಗೆ ತರಬೇಡ."

"ಆಚೆ ಸರಿ ಪಾಶೆ, ಅದಕ್ಕೆ ತಿರುಗೋಕೆ ಜಾಗ ಇಲ್ಲ."

"ಇದರಿಂದಲೇ ಸಾಯ್ತಾ ಇರೋದು ಅವು," ಎಂದಳು ನೆಮಾಯಾನ್. ಒಮ್ಮೆ ಬಾಯಿ ತೆರೆದ ಮೇಲೆ ಮಾತು ನಿಲ್ಲಲಿಲ್ಲ. "ಇದರ ರಕ್ತದಲ್ಲಿ ನಮ್ಮ ಕಾಡಂಚಿನ ಟಿಕಾನಾ ಇದೆ. ಇದಕ್ಕೇನೂ ಆಗಲ್ಲ. ಇದರ ಕಿವಿಯ ಉಣುಗು ಬಿದ್ದು ನಿನ್ನ ಕರುಗಳಿಗೆ ಹತ್ತಿದೆ. ನಿಮ್ಮ ದನಗಳು ಕಂಡಿದ್ದು ಬೇರೆ ತಳಿ, ಇದು ಬೇರೆ. ಡಾಕ್ಟರಮ್ಮ ಹೇಳಿದ್ಲು, ಕೊಡಬೇಡ ಅಂತ. ನಂಗೆ ಗೊತ್ತಿತ್ತು."

ಸಿಮಾಲೊಯಿ ಹಗ್ಗ ಹಿಡಿದೇ ನಿಂತಿದ್ದಳು. ಕಡಸು ಇಬ್ಬರ ನಡುವೆ ತಲೆಯಾಡಿಸಿತು, ಮಣಿಗಳು ಕಿಣಿಕಿಣಿ ಎಂದವು.

"ಯಾವಾಗಿಂದ ಗೊತ್ತಿತ್ತು?"

"ಕೊಡೋಕೆ ಮುಂಚೆಯಿಂದ."

"ಬಿಳಿಮುಖದ್ದು ಗಂಡು ಹಾಕಿತು ಅಂದೆ."

"ಹೆಣ್ಣು ಹಾಕಿತ್ತು. ಕೊಡೋಕೆ ಮನಸ್ಸು ಬರಲಿಲ್ಲ."

ಸಿಮಾಲೊಯಿ ಬೈದಿದ್ದರೆ, ಹೊಡೆದಿದ್ದರೆ ನೆಮಾಯಾನ್‌ಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಸಿಮಾಲೊಯಿ ಕಡಸಿನ ಹಣೆಗೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಹೆಜ್ಜೆ ಹೆಜ್ಜೆಯಾಗಿ, ಗೋಡೆಗೆ ಅದರ ಪಕ್ಕೆ ತಾಗದಂತೆ, ತಿರುವಿನಿಂದ ಹೊರಗೆ ತಂದಳು.

"ನನ್ನ ಮಗು ಅತ್ತರೂ ಮೊದಲು ನಿನ್ನದಕ್ಕೆ ಕುಡಿಸ್ತಿದ್ದೆ," ಎಂದಳು, ಬೇರೆ ಯಾರ ವಿಷಯವನ್ನೋ ಹೇಳುವ ಹಾಗೆ. "ನಿನ್ನದು ಸಣ್ಣದಿತ್ತು ಅಂತ."

*

ಕಡಸನ್ನು ಹಟ್ಟಿಯಿಂದ ಆಚೆ, ಬೆಟ್ಟಕ್ಕೇ ವಾಪಸ್ ಕಳಿಸಲೇಬೇಕಿತ್ತು. ಆದರೆ ಅದರ ಮೈಮೇಲಿನ ಉಣುಗು ದಾರಿಯುದ್ದಕ್ಕೂ ಉದುರಬಾರದು. ಸಿಮಾಲೊಯಿ ಒಡಕು ಮಡಕೆಯಲ್ಲಿ ಕೆಂಡ ತಂದಿಟ್ಟಳು. ಇಬ್ಬರೂ ಕಡಸಿನ ತಲೆಯ ಎರಡು ಕಡೆ ಕೂತರು. ಒಬ್ಬೊಬ್ಬರಿಗೆ ಒಂದೊಂದು ಕಿವಿ. ಉಗುರಿನಿಂದ ಕಿತ್ತು ಕೆಂಡಕ್ಕೆ ಹಾಕಿದರೆ ಉಣುಗು ಚಟ್ ಎಂದು ಸಿಡಿದು ರಕ್ತ ಸುಟ್ಟ ವಾಸನೆ ಬರುತ್ತಿತ್ತು. ಕಡಸು ಕಣ್ಣು ಮುಚ್ಚಿ ಸುಖವಾಗಿ ನಿಂತಿತ್ತು. ಹಿಂದೆಲ್ಲ ಇಬ್ಬರು ಹೀಗೆ ಕೂತರೆ ಊರಿನ ಸುದ್ದಿಯೆಲ್ಲ ಮುಗಿಯುತ್ತಿತ್ತು. ಇಂದು ಕೆಂಡ ಮಾತ್ರ ಮಾತಾಡಿತು.

"ನೆಮಾಯಾನ್," ಎಂದಳು ಸಿಮಾಲೊಯಿ. "ಆ ಕಿವಿ ಆಯ್ತಾ?"

ನೆಮಾಯಾನ್‌ಳ ಬೆರಳು ನಿಂತಿತು. ತನ್ನ ಹೆಸರೇ. ಇಷ್ಟು ದಿನ ಇವಳ ಬಾಯಲ್ಲಿ ಕೇಳದಿದ್ದದ್ದು. ಕೆನ್ನೆಗೆ ಹೊಡೆದಂತೆ ಅಲ್ಲ, ಹೊದ್ದ ಬಟ್ಟೆಯನ್ನು ಸದ್ದಿಲ್ಲದೆ ಎಳೆದುಕೊಂಡಂತೆ.

"ಆಯ್ತು," ಎಂದಳು.

ಕೊಕೊ ಕೋಲೂರಿಕೊಂಡು ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸತ್ತದ್ದು ಸತ್ತಿತು, ಬೇಲಿ ಹತ್ತಿರ ಬಿದ್ದಿರೋದೂ ಉಳಿಯಲ್ಲ. ಒಳಗಿರೋ ನಾಲ್ಕಕ್ಕೆ ಏನು ಮಾಡ್ತೀರಿ?"

"ಲಸಿಕೆ ಇದೆ ಕೊಕೊ," ಎಂದಳು ನೆಮಾಯಾನ್. "ಆದ್ರೆ ಡಾಕ್ಟರಮ್ಮ ಒಂದೆರಡಕ್ಕೆ ಬರಲ್ಲ. ಮಂಜುಗಟ್ಟಿಸಿದ ಒಂದು ಕಡ್ಡಿ ಮದ್ದು ಕರಗಿಸಿದ್ರೆ ನಲವತ್ತು ಕರುವಿಗೆ ಆಗುತ್ತೆ, ಅವತ್ತೇ ಮುಗೀಬೇಕು, ಇಡೋಕಾಗಲ್ಲ. ನಲವತ್ತು ಕರು ಸೇರಿದ್ರೆ ಬರ್ತಾಳೆ."

"ನಾಲ್ಕು ಇದೆ. ಉಳಿದದ್ದು?"

"ನಾನು ಸೇರಿಸ್ತೀನಿ. ಬಯಲಿನ ಪ್ರತಿ ಹಟ್ಟಿಗೂ ಹೋಗ್ತೀನಿ."

"ಇಷ್ಟು ವರ್ಷ ಬೇಡದ್ದು ಈಗ ಯಾಕೆ ಅಂತ ಕೇಳ್ತಾರೆ," ಎಂದಳು ಸಿಮಾಲೊಯಿ.

"ಹೇಳ್ತೀನಿ."

"ಎಲ್ಲಾ ಹೇಳ್ಬೇಕು."

"ಎಲ್ಲಾ ಹೇಳ್ತೀನಿ."

ಸಿಮಾಲೊಯಿ ಕೊನೆಯ ಉಣುಗನ್ನು ಕೆಂಡಕ್ಕೆ ಹಾಕಿ, ಕೈ ಉಜ್ಜಿಕೊಂಡಳು. "ನನ್ನ ಕಣ್ಣು ಬಿದ್ದಿಲ್ಲ ಅಂತಾನೂ ಹೇಳು. ಮೊದಲು ನನ್ನ ಮೈದುನನ ಮನೆಗೆ ಹೋಗಿ ಹೇಳು."

*

ಮೈದುನನ ಮನೆಯಲ್ಲಿ ಅವಳು ಸರಿಯಾಗಿ ಹೇಳಲಿಲ್ಲ. "ಹೊರಗಿನ ಕಡಸೊಂದರಿಂದ ಬಂದಿದೆಯಂತೆ," ಎಂದಳು. "ಯಾರ ಕಡಸು?" ಎಂದು ಅವನು ಕೇಳಿದ. "ನಂದು," ಎಂದು ಹೇಳುವಷ್ಟರಲ್ಲಿ ಅವಳ ಕುತ್ತಿಗೆ ಬೆವತಿತ್ತು. ಎರಡನೆಯ ಹಟ್ಟಿಯಲ್ಲಿ, "ನಾನು ಕೊಟ್ಟ ಕಡಸಿನಿಂದ," ಎಂದಳು. "ಪಾಪ, ನಿನಗೇನು ಗೊತ್ತಿತ್ತು," ಎಂದು ಅಲ್ಲಿನ ಹೆಂಗಸು ಸಮಾಧಾನ ಮಾಡಿದಳು. ನೆಮಾಯಾನ್ ಆ ಸಮಾಧಾನವನ್ನು ಇಟ್ಟುಕೊಂಡೇ ಹೊರಟು, ಬೇಲಿಯವರೆಗೆ ಹೋಗಿ, ತಿರುಗಿ ಬಂದಳು. "ಗೊತ್ತಿತ್ತು," ಎಂದಳು. ಮೂರನೆಯ ಹಟ್ಟಿಯಿಂದ ಆಚೆ ಒಂದೇ ಉಸಿರಿಗೆ ಹೇಳುವುದನ್ನು ಕಲಿತಳು: "ಗೊತ್ತಿದ್ದೂ ನಾನು ಕೊಟ್ಟ ಕಡಸಿನಿಂದ ಸಿಮಾಲೊಯಿ ಕರುಗಳು ಸತ್ವು. ಅವಳ ತಪ್ಪಿಲ್ಲ."

ಅಷ್ಟು ಸಲ ಹೇಳಿದರೂ ಆ ಮಾತು ಹಗುರಾಗಲಿಲ್ಲ.

ಒಂದು ಮರದ ಕೆಳಗೆ ಕಲ್ಲುಗಳನ್ನೇ ದನವೆಂದು ಗುಳಿಯಿಂದ ಗುಳಿಗೆ ನಡೆಸುವ ಆಟ ಆಡುತ್ತಿದ್ದ ಮುದುಕರೊಬ್ಬರು ಎಲ್ಲ ಕೇಳಿ, ಕಲ್ಲು ನಡೆಸುತ್ತಲೇ ಹೇಳಿದರು: "ಈ ಮಳೆಗಾಲ ನಿನ್ನ ಹತ್ತಿರ ಒಂದು ಕುರಿ ಕೇಳೋಣ ಅಂತಿದ್ದೆ ತಾಯಿ. ಈಗ ಬೇಡ ಬಿಡು, ಒಂದು ಚಿಟಿಕೆ ನಶ್ಯ ಕೊಡು ಸಾಕು. ಅದನ್ನೂ ಮೊದಲು ನೀನೇ ಏರಿಸಿ ತೋರಿಸು." ಸುತ್ತಲಿದ್ದವರು ಬಿದ್ದು ನಕ್ಕರು. ನೆಮಾಯಾನ್ ನಗು ಮುಗಿಯುವವರೆಗೂ ನಿಂತಿದ್ದು, "ನಿಮ್ಮ ಕರುಗಳನ್ನ ಕಳಿಸ್ತೀರಾ?" ಎಂದು ಕೇಳಿದಳು. ಮುದುಕರು ಅವಳ ಮುಖವನ್ನು ಒಮ್ಮೆ ನೋಡಿ, "ಇರೋದನ್ನೆಲ್ಲ ಕಳಿಸ್ತೀನಿ," ಎಂದರು.

ಮಾಸಾಯಿಗಳು ಇಡೀ ಮಂದೆಯನ್ನು ಎಣಿಸುವುದಿಲ್ಲ, ಅಪಶಕುನ. ಮೈಬಣ್ಣದಿಂದ ನೆನಪಿಡುತ್ತಾರೆ. ನೆಮಾಯಾನ್ ಕಪ್ಪು, ಕಂದು, ಚುಕ್ಕೆ, ಪಟ್ಟೆ ಎಂದು ಒಂದೊಂದನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ನಡೆದಳು. ಐದು ದಿನಕ್ಕೆ ಡಾಕ್ಟರಮ್ಮನಿಗೆ ಹೇಳಿಕಳಿಸುವಷ್ಟು ಕರುಗಳಾದವು.

ಆ ಐದು ದಿನದಲ್ಲಿ ಒಂದು ಸಂಜೆ ನೆಮಾಯಾನ್ ಮನೆಗೆ ಬಂದಾಗ ರೆಸಿಯಾಟೊ ಹಳ್ಳದಲ್ಲಿ ಕೇಳಿದ್ದನ್ನು ಹೊತ್ತು ಬಂದಿದ್ದಳು. ಬಿಳಿಮುಖದ ಕರುವಿನ ಕೊರಳು ತಬ್ಬಿಕೊಂಡು ನಿಂತಿದ್ದಳು.

"ಅಮ್ಮ, ಸಿಮಾಲೊಯಿ ಅಮ್ಮನ ಕರುಗಳನ್ನ ನೀನು ಸಾಯಿಸಿದ್ಯಾ?"

ಬೇರೆಯವರ ಮುಂದೆ ಹೇಳಿದ್ದ ವಾಕ್ಯ ಇಲ್ಲಿ ನೆರವಿಗೆ ಬರಲಿಲ್ಲ. ನೆಮಾಯಾನ್ ಮಗಳ ಎದುರು ಮಂಡಿಯೂರಿ ಕೂತಳು.

"ಹೂಂ ಮಗಳೇ."

"ಯಾಕೆ?"

"ಇದನ್ನ ಕೊಡೋಕೆ ಆಗಲಿಲ್ಲ ನನಗೆ."

ಹುಡುಗಿ ಕರುವಿನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ತಬ್ಬಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

*

ಲಸಿಕೆಯ ದಿನ ಬಯಲಿನ ಒಂಟಿ ಮರದಡಿ ಕರುಗಳು, ಹೆಂಗಸರು, ಧೂಳು. ಡಾಕ್ಟರಮ್ಮ ತಣ್ಣನೆಯ ಹೊಗೆಯಾಡುವ ಪೀಪಾಯಿಯಿಂದ ಕಡ್ಡಿ ತೆಗೆದು ಕರಗಿಸಿದಳು. "ಇದರಲ್ಲಿ ಮೂರು ತಳಿ ಬೆರೆಸಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಜೀವಂತ ಕಾಯಿಲೇನೇ ಕೊಡ್ತಾ ಇರೋದು, ಜೊತೆಗೇ ಅದನ್ನ ಹಿಡಿದಿಡೋ ಮದ್ದು. ಬಹುಮಟ್ಟಿಗೆ ಕಾಯುತ್ತೆ. ಆಗಲೇ ಉಣುಗು ಕಚ್ಚಿದ್ರೆ ನಾನು ಮಾತು ಕೊಡಲ್ಲ." ನೆಮಾಯಾನ್ ಕರುಗಳ ತಲೆ ಹಿಡಿದುಕೊಟ್ಟಳು. ಎಲಿಶಿಲಿಯಾ ಅವಳನ್ನು ಗುರುತಿಸಿದಳು, ಎಲ್ಲವನ್ನೂ ಕೇಳಿ ತಿಳಿದಿದ್ದಳು. ನಾನು ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಕಿವಿಗೆ ಹಳದಿ ಬಿಲ್ಲೆ ಚುಚ್ಚುತ್ತ ಹೋದಳು.

ಎಲ್ಲ ಮುಗಿದ ಮೇಲೆ ನೆಮಾಯಾನ್ ಮರದ ಆಚೆ ಕಟ್ಟಿದ್ದ ಬಿಳಿಮುಖದ ಕರುವನ್ನು ತಂದು ಸಿಮಾಲೊಯಿಯ ಮುಂದೆ ನಿಲ್ಲಿಸಿದಳು. ಡಾಕ್ಟರಮ್ಮ ಹಿಂದೊಮ್ಮೆ ಬೆಟ್ಟಕ್ಕೆ ಬಂದಾಗಲೇ ಲಸಿಕೆ ಹಾಕಿಸಿದ್ದ ಕರು, ಕಿವಿಯಲ್ಲಿ ಬಿಲ್ಲೆ ಇತ್ತು.

"ಇದೇನಾ ಅದು?"

"ಹೂಂ. ಡಾಕ್ಟರಮ್ಮನ್ನ ಕೇಳಿದ್ದೀನಿ. ಬೇಕಾದ್ರೆ ನೀನೂ ಕೇಳು."

ಸಿಮಾಲೊಯಿ ಕರುವಿನ ಮುಖ ಸವರಿದಳು, ಕಿವಿ ಮಡಿಸಿ ನೋಡಿದಳು, ಗಂಗೆದೊಗಲನ್ನು ಬೆರಳಿನಲ್ಲಿ ತೂಗಿದಳು. "ಚೆನ್ನಾಗಿದೆ," ಎಂದಳು. "ಮನಸ್ಸು ಬಾರದ್ದು ಸುಳ್ಳಲ್ಲ." ಆಮೇಲೆ ಹಗ್ಗವನ್ನು ನೆಮಾಯಾನ್‌ಳ ಕೈಗೇ ಇಟ್ಟಳು. "ಕರ್ಕೊಂಡು ಹೋಗು. ಇದನ್ನ ತಗೊಂಡ್ರೆ ನಿನ್ನನ್ನ ಮತ್ತೆ ಪಾಶೆ ಅನ್ನಬೇಕು. ನನಗೆ ಬಾಯಿ ಬರಲ್ಲ."

ನಾಲ್ಕು ಎಳೆಗರುಗಳ ಗಂಟು ಮುಟ್ಟಿ ನೋಡಲು, ಜ್ವರ ನೋಡಲು ನೆಮಾಯಾನ್ ಎರಡು ದಿನಕ್ಕೊಮ್ಮೆ ಬೆಟ್ಟ ಇಳಿದಳು. ಸಿಮಾಲೊಯಿ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನ‌ಲಿಲ್ಲ. ಚಹಾ ಕೊಡುತ್ತಿದ್ದಳು, ಹಾಲಿಲ್ಲದ್ದು. ಲಸಿಕೆ ಹಾಕಿದ ಹನ್ನೊಂದನೆಯ ದಿನ ನಾಲ್ಕರಲ್ಲಿ ಒಂದು, ಬೂದಿ ಬಣ್ಣದ್ದು, ಮಲಗಿತು. ಅದಕ್ಕೆ ಮೊದಲೇ ಉಣುಗು ಕಚ್ಚಿತ್ತೇನೋ. ಡಾಕ್ಟರಮ್ಮ ಬಂದು ಚುಚ್ಚಿದರೂ ಏಳಲಿಲ್ಲ. ಅದರ ಮೂಗಿನ ನೊರೆಯನ್ನು ನೆಮಾಯಾನ್ ಒರೆಸುತ್ತ ಕೂತಳು. ಅದರ ಚರ್ಮವನ್ನು ನೆಲಕ್ಕೆ ಎಳೆದು ಗೂಟ ಹೊಡೆದವಳೂ ಅವಳೇ.

ಉಳಿದ ಮೂರು ಉಳಿದವು. ಇಪ್ಪತ್ತೆರಡನೆಯ ದಿನ ಮೂರೂ ಬಾಲ ಎತ್ತಿಕೊಂಡು ಹಟ್ಟಿಯ ತುಂಬ ಓಡಿದವು. ಮೈದುನನ ಹೆಂಡತಿ ತನ್ನ ಕರುಗಳ ಮೇಲೆ ಬಟ್ಟೆ ಹೊದಿಸದೆ ನಿಂತು ನೋಡಿ ನಕ್ಕಳು. ಕೊಕೊ ಅವುಗಳ ಗೊರಸಿನ ಸದ್ದಿಗೆ ತಲೆ ತಿರುಗಿಸುತ್ತ, "ಮೂರು ಕಾಲಿನ ಮೇಕೆ ಓಡಿದ ಹಾಗಿದೆ," ಎಂದು ಬೈದಳು.

ನೆಮಾಯಾನ್ ಹೊರಟಾಗ ಸಿಮಾಲೊಯಿ ಒಳಗೆ ಹೋಗಿ ಸೋರೆಬುರುಡೆ ತಂದುಕೊಟ್ಟಳು. ಮೊದಲ ದಿನ ಹಾಲು ತುಂಬಿ ತಂದದ್ದು, ಅಲ್ಲೇ ಉಳಿದುಹೋಗಿತ್ತು.

"ನಿನ್ನ ಬುರುಡೆ, ನೆಮಾಯಾನ್."

ಖಾಲಿ ಬುರುಡೆ. ಅವರಿಬ್ಬರ ನಡುವೆ ಎಂದೂ ಖಾಲಿ ಬುರುಡೆ ಹೋದದ್ದಿಲ್ಲ, ಬಂದದ್ದಿಲ್ಲ. ಅದು ನ್ಯಾಯವೇ ಎಂದುಕೊಂಡು ನೆಮಾಯಾನ್ ಅದನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಹಳ್ಳದ ಬಳಿ ಬೆಟ್ಟದಾಚೆಯ ಹೆಂಗಸೊಬ್ಬಳು, ಏನೂ ತಿಳಿಯದವಳು, "ಪಾಶೆ ಮನೆಯಿಂದ ಬಂದ್ಯಾ?" ಎಂದು ಕೂಗಿದಳು.

"ಇಲ್ಲ," ಎಂದಳು ನೆಮಾಯಾನ್. "ಸಿಮಾಲೊಯಿ ಮನೆಯಿಂದ."

ಮನೆಗೆ ಬಂದು, ಸಂಜೆಯ ಹಾಲಿಗೆ ಬೇಕಾದೀತೆಂದು ಮುಚ್ಚಳ ತೆಗೆದಳು. ಒಳಗಿನಿಂದ ಹೊಗೆಯ ಗಮಲು ಎದ್ದಿತು. ಹಳೆಯದಲ್ಲ, ಇವತ್ತಿನದು. ಕಾಡು ಆಲಿವ್ ಮರದ ಕೊಳ್ಳಿಯನ್ನು ಒಳಗೆ ಆಡಿಸಿ, ಬೂದಿ ಒರೆಸಿ, ಹಾಲು ಕೆಡದಂತೆ ಹದ ಮಾಡಿದ ವಾಸನೆ. ತೊಳೆದು ಸುಮ್ಮನೆ ಕೊಟ್ಟಿದ್ದರೂ ಆಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ನೆಮಾಯಾನ್ ಬುರುಡೆಯ ಬಾಯಿಗೆ ಮುಖ ಇಟ್ಟುಕೊಂಡು ನಿಂತಳು. ಅಷ್ಟೂ ಹಟ್ಟಿಗಳಲ್ಲಿ ತಲೆಯೆತ್ತಿ ನಿಂತಿದ್ದವಳಿಗೆ ಈ ಹೊಗೆಯ ಎದುರು ತಲೆಯೆತ್ತಲಾಗಲಿಲ್ಲ. ಹೊರಗೆ ಬಿಳಿಮುಖದ ಹಸು ಕರೆಯಲು ಹೊತ್ತಾಯಿತೆಂದು ಕೂಗಿತು. ರೆಸಿಯಾಟೊ ಬಂದು ಅಮ್ಮನ ಬಟ್ಟೆ ಜಗ್ಗಿದಳು. ಅವಳು ಕಣ್ಣೊರೆಸಿಕೊಂಡು, ಆ ಬುರುಡೆಯನ್ನು ಹಾಲು ತುಂಬದೆ, ಗಮಲು ಆರದಂತೆ ಮುಚ್ಚಳ ಬಿಗಿದು, ಗೋಡೆಯ ಗೂಟಕ್ಕೆ ಎತ್ತಿ ತೂಗುಹಾಕಿ, ಬೇರೊಂದನ್ನು ತೆಗೆದುಕೊಂಡು ಹಾಲು ಕರೆಯಲು ಹೋದಳು.